ವಿದ್ಯಾರ್ಥಿವೇತನ, ಶಿಷ್ಯವೇತನ: ಕೈಗೆ ಬರುವ ಹಣ ಯಾವ ಬಗೆಯದು ಎಂದು ತಿಳಿದು ಅರ್ಜಿ ಹಾಕುವುದು ಹೇಗೆ?

ಕಾಲೇಜುಗಳ ಪ್ರವೇಶ ಮುಗಿದು ಅರ್ಜಿಗಳ ಕಾಲ ಶುರುವಾದೊಡನೆ ಓದುಗರಿಂದ ಬರುವ ಪ್ರಶ್ನೆಗಳು ಪ್ರತಿ ವರ್ಷವೂ ಹೆಚ್ಚೂಕಡಿಮೆ ಒಂದೇ ಆಗಿರುತ್ತವೆ. ಸ್ಕಾಲರ್‌ಶಿಪ್ ಪಡೆಯುತ್ತಿರುವ ಮಗಳು ಸ್ಟೈಪೆಂಡ್ ಕೊಡುವ ತರಬೇತಿಗೆ ಸೇರಿದರೆ ಮೊದಲಿನದು ನಿಂತುಹೋಗುತ್ತದೆಯೇ? ಸ್ಟೈಪೆಂಡ್‌ಗೆ ತೆರಿಗೆ ಕಟ್ಟಬೇಕೇ? ಕಂಪನಿಯವರು ಎಂಟು ಸಾವಿರ ಎಂದು ಹೇಳಿ ನಾಲ್ಕೇ ಸಾವಿರ ಹಾಕಿದ್ದಾರೆ, ಯಾರಿಗೆ ದೂರು ಕೊಡಬೇಕು? ಇವೆಲ್ಲವೂ ಬೇರೆ ಬೇರೆ ಪ್ರಶ್ನೆಗಳಂತೆ ಕಂಡರೂ, ಕೈಗೆ ಬರುವ ಹಣ ವಿದ್ಯಾರ್ಥಿವೇತನವೋ ಶಿಷ್ಯವೇತನವೋ ಎಂಬುದು ಸ್ಪಷ್ಟವಾದರೆ ಇವುಗಳಲ್ಲಿ ಬಹುಪಾಲಿಗೆ ಉತ್ತರ ತಾನಾಗಿಯೇ ಸಿಗುತ್ತದೆ.

ಮೊದಲು ವ್ಯತ್ಯಾಸವನ್ನು ನೇರವಾಗಿ ಹೇಳುತ್ತೇನೆ. ನೀವು ವಿದ್ಯಾರ್ಥಿಯಾಗಿರುವುದಕ್ಕಾಗಿ, ಅಂದರೆ ನಿಮ್ಮ ಅಂಕ, ಕುಟುಂಬದ ಆದಾಯ, ಜಾತಿ, ಪೋಷಕರ ವೃತ್ತಿ ಮುಂತಾದ ಯಾವುದೋ ಅರ್ಹತೆಯನ್ನು ನೋಡಿ, ಓದಿನ ಖರ್ಚಿಗೆಂದು ಕೊಡುವ ಹಣ ವಿದ್ಯಾರ್ಥಿವೇತನ. ಇದನ್ನೇ ನಾವು ಸ್ಕಾಲರ್‌ಶಿಪ್ ಎನ್ನುತ್ತೇವೆ. ನೀವು ಒಂದು ಕಡೆ ಹಾಜರಿದ್ದು ತರಬೇತಿಯನ್ನೋ ಸಂಶೋಧನೆಯನ್ನೋ ವೈದ್ಯಕೀಯ ಇಂಟರ್ನ್‌ಶಿಪ್ಪನ್ನೋ ಮಾಡುತ್ತಿರುವ ಅವಧಿಯಲ್ಲಿ ಜೀವನ ನಿರ್ವಹಣೆಗೆಂದು, ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ, ಕೊಡುವ ಹಣ ಶಿಷ್ಯವೇತನ, ಅಂದರೆ ಸ್ಟೈಪೆಂಡ್. ಇದು ಸಂಬಳವಲ್ಲ, ಏಕೆಂದರೆ ನೀವು ಅಲ್ಲಿ ನೌಕರರಲ್ಲ. ಆದರೆ ಹಾಜರಾತಿ ತಪ್ಪಿದರೆ ಹಣವೂ ತಪ್ಪುತ್ತದೆ ಎಂಬ ಮಟ್ಟಿಗೆ ಸಂಬಳದ ನೆಂಟ.

ಗೊಂದಲಕ್ಕೆ ನಮ್ಮ ಭಾಷೆಯೂ ಸ್ವಲ್ಪ ಕಾರಣ. ‘ವಿದ್ಯಾರ್ಥಿವೇತನ’, ‘ಶಿಷ್ಯವೇತನ’ ಎರಡರಲ್ಲೂ ‘ವೇತನ’ ಇದೆ, ಎರಡೂ ವೇತನವಲ್ಲ. ವಿದ್ಯಾರ್ಥಿಗೂ ಶಿಷ್ಯನಿಗೂ ಏನು ವ್ಯತ್ಯಾಸ ಎಂದು ಕೇಳಿದರೆ ಸಾಮಾನ್ಯ ಓದುಗರು ತಬ್ಬಿಬ್ಬಾಗುವುದು ಸಹಜ. ಸಾಲದ್ದಕ್ಕೆ ಇಲಾಖೆಗಳೂ ಸಂಸ್ಥೆಗಳೂ ಈ ಹೆಸರುಗಳನ್ನು ತಮಗೆ ತೋಚಿದಂತೆ ಬಳಸುತ್ತವೆ. ಹಾಗಾಗಿ ಈ ಲೇಖನದ ಉದ್ದಕ್ಕೂ ನಾನು ಒತ್ತಿ ಹೇಳುವುದು ಒಂದೇ ಮಾತು: ಹೆಸರನ್ನು ಬಿಡಿ, ಆದೇಶದಲ್ಲಿರುವ ಷರತ್ತನ್ನು ಓದಿ.

ಹಂತ 1: ಮೂಲ ಕಾಗದವನ್ನು ಹುಡುಕಿ, ನಾಲ್ಕು ಪ್ರಶ್ನೆ ಕೇಳಿ

ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರ, ಸೈಬರ್ ಸೆಂಟರ್ ಬಾಗಿಲಿನ ಚೀಟಿ, ಪತ್ರಿಕೆಯ ನಾಲ್ಕು ಸಾಲಿನ ಸುದ್ದಿ ಇವು ಯಾವುವೂ ಮೂಲ ಕಾಗದವಲ್ಲ. ಸರ್ಕಾರಿ ಯೋಜನೆಯಾದರೆ ಇಲಾಖೆಯ ಆದೇಶ ಅಥವಾ ಮಾರ್ಗಸೂಚಿ, ಅಪ್ರೆಂಟಿಸ್ ತರಬೇತಿಯಾದರೆ (ಕಾರ್ಖಾನೆ, ಕಂಪನಿಯಲ್ಲಿದ್ದು ಕೆಲಸ ಕಲಿಯುವುದು) ಕರಾರು ಪತ್ರ, ಸಂಶೋಧನೆಯಾದರೆ ಆಯ್ಕೆ ಪತ್ರ, ಖಾಸಗಿ ಟ್ರಸ್ಟ್ ಆದರೆ ಅದರ ನಿಯಮಗಳ ಪುಟ ನಿಮ್ಮ ಕೈಯಲ್ಲಿರಬೇಕು. ಅದನ್ನು ಮುಂದಿಟ್ಟುಕೊಂಡು ಹೀಗೆ ಕೇಳಿ.

ಮೊದಲನೆಯದು, ಈ ಹಣ ಯಾವುದಕ್ಕಾಗಿ? ಶುಲ್ಕ, ಪುಸ್ತಕ, ಹಾಸ್ಟೆಲ್ ಖರ್ಚಿಗೆ ಎಂದಿದ್ದರೆ ವಿದ್ಯಾರ್ಥಿವೇತನದ ಕಡೆಗೆ ವಾಲುತ್ತದೆ. ತರಬೇತಿ ಅವಧಿಯಲ್ಲಿ, ಕರ್ತವ್ಯದ ಅವಧಿಯಲ್ಲಿ ಎಂದಿದ್ದರೆ ಶಿಷ್ಯವೇತನದ ಕಡೆಗೆ. ಎರಡನೆಯದು, ಪ್ರತಿಯಾಗಿ ನೀವೇನು ಮಾಡಬೇಕು? ಪಾಸಾಗುತ್ತಾ ಹೋದರೆ ಸಾಕೇ, ಇಲ್ಲವೇ ವಾರಕ್ಕೆ ಇಷ್ಟು ಗಂಟೆ ಕೆಲಸ ಎಂದು ಬರೆದಿದೆಯೇ? ಮೂರನೆಯದು, ಯಾವ ಕಾರಣಕ್ಕೆ ಇದು ನಿಲ್ಲುತ್ತದೆ? ನಾಲ್ಕನೆಯದು, ಬೇರೆ ಹಣ ಪಡೆಯುವುದರ ಬಗ್ಗೆ ಏನು ಹೇಳಿದೆ?

ಮೂರನೇ ಪ್ರಶ್ನೆಯನ್ನು ಹೆಚ್ಚಿನವರು ಕೇಳುವುದೇ ಇಲ್ಲ. ನನ್ನ ಅನುಭವದಲ್ಲಿ ಹಣದ ಬಗೆಯನ್ನು ಅತ್ಯಂತ ಖಚಿತವಾಗಿ ತೋರಿಸಿಕೊಡುವುದು ಅದೇ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಪಡೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನವನ್ನೇ ನೋಡಿ. ಒಂಬತ್ತರಿಂದ ಹನ್ನೆರಡನೇ ತರಗತಿಯವರೆಗೆ ವರ್ಷಕ್ಕೆ 12,000 ರೂ. ಸಿಗುವ ಈ ಯೋಜನೆಯಲ್ಲಿ ಪೋಷಕರ ವಾರ್ಷಿಕ ಆದಾಯ 3.5 ಲಕ್ಷ ರೂ. ಮೀರಬಾರದು, ಹತ್ತನೇ ತರಗತಿಯಲ್ಲಿ ಶೇ. 60 ಅಂಕ ಬಾರದಿದ್ದರೆ, ಪರಿಶಿಷ್ಟರಿಗಿರುವ ಶೇ. 5ರ ಸಡಿಲಿಕೆಯನ್ನು ಬಿಟ್ಟು, ಮುಂದಿನ ಎರಡು ವರ್ಷದ ಹಣ ನಿಲ್ಲುತ್ತದೆ. ನಿಲ್ಲುವ ಕಾರಣ ಓದಿಗೆ ಸಂಬಂಧಿಸಿದ್ದು. ಅದೇ ಕಾರ್ಖಾನೆಯೊಂದರ ಅಪ್ರೆಂಟಿಸ್ ಅನುಮತಿಯ ರಜೆಯ ಮಿತಿ ಮೀರಿ ಗೈರಾದರೆ ಆಯಾ ದಿನಗಳ ಹಣ ಆ ತಿಂಗಳೇ ಕಡಿತವಾಗುತ್ತದೆ. ನಿಲ್ಲುವ ಕಾರಣ ಹಾಜರಾತಿಗೆ ಸಂಬಂಧಿಸಿದ್ದು.

ಹಂತ 2: ಹೆಸರು ಒಂದು, ಬಗೆ ಇನ್ನೊಂದು ಆಗಿರುವ ಕಡೆಗಳನ್ನು ಗುರುತಿಸಿ

ಗೇಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಎಂ.ಟೆಕ್ ಸೇರಿದವರಿಗೆ ತಿಂಗಳಿಗೆ 12,400 ರೂ. ಸಿಗುತ್ತದೆ. ವಿದ್ಯಾರ್ಥಿಗಳು ಇದನ್ನು ‘ಗೇಟ್ ಸ್ಟೈಪೆಂಡ್’ ಎನ್ನುತ್ತಾರೆ. ಕೊಡುವ ಎಐಸಿಟಿಇ, ಅಂದರೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು, ತನ್ನ ಕಾಗದಗಳಲ್ಲಿ ‘ಸ್ನಾತಕೋತ್ತರ ಸ್ಕಾಲರ್‌ಶಿಪ್’ ಎಂದು ಬರೆಯುತ್ತದೆ. ಒಳಗಿನ ಷರತ್ತು ಓದಿದರೆ ವಾರಕ್ಕೆ 8 ಗಂಟೆ ಬೋಧನೆ ಅಥವಾ ಸಂಶೋಧನೆಯ ಕೆಲಸದಲ್ಲಿ ನೆರವಾಗಬೇಕು, ಸಂಸ್ಥೆ ಹಾಜರಾತಿಯನ್ನು ದೃಢೀಕರಿಸಬೇಕು, ಬೇರೆಡೆಯಿಂದ ವಿದ್ಯಾರ್ಥಿವೇತನವನ್ನಾಗಲಿ ಸಂಬಳವನ್ನಾಗಲಿ ಪಡೆಯಬಾರದು ಎಂದಿದೆ. ಹೆಸರಿನಲ್ಲಿ ಸ್ಕಾಲರ್‌ಶಿಪ್ ಆದರೂ ನಡವಳಿಕೆಯಲ್ಲಿ ಅದು ಶಿಷ್ಯವೇತನವೇ. ಗೇಟ್ ಹಣ ಬರುತ್ತಿರುವಾಗಲೇ ಖಾಸಗಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿ ಪಾಠ ಮಾಡಲು ಹೋಗುವವರು ಈ ಕೊನೆಯ ಷರತ್ತನ್ನು ಇನ್ನೊಮ್ಮೆ ಓದಬೇಕು.

ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಇದೇ ಸಾಲಿಗೆ ಸೇರುತ್ತದೆ. 2023ರ ಜನವರಿ 1ರಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂ., ಆ ಬಳಿಕ ಹಿರಿಯ ಸಂಶೋಧನಾ ಫೆಲೋ ಆದಾಗ 42,000 ರೂ., ಜೊತೆಗೆ ನಿಯಮದಂತೆ ಮನೆ ಬಾಡಿಗೆ ಭತ್ಯೆ. ಹೆಸರು ಫೆಲೋಶಿಪ್ ಆದರೂ ಮಾರ್ಗದರ್ಶಕರು ಮತ್ತು ವಿಭಾಗದ ಮುಖ್ಯಸ್ಥರ ದೃಢೀಕರಣವಿಲ್ಲದೆ ತಿಂಗಳ ಹಣ ಬಿಡುಗಡೆಯಾಗುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದ ಕಾನೂನು ಪದವೀಧರರು ಹಿರಿಯ ವಕೀಲರ ಬಳಿ ತರಬೇತಿ ಪಡೆಯುವಾಗ ನಮ್ಮ ರಾಜ್ಯದ ಇಲಾಖೆ ಕೊಡುವುದು ಮಾತ್ರ ಹೆಸರಿನಲ್ಲೂ ಬಗೆಯಲ್ಲೂ ಶಿಷ್ಯವೇತನವೇ.

ಇದಕ್ಕೆ ತದ್ವಿರುದ್ಧವಾದದ್ದು ವಿದ್ಯಾಸಿರಿ. ಸರ್ಕಾರಿ ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ವಸತಿಗೆಂದು ತಿಂಗಳ ಲೆಕ್ಕದಲ್ಲಿ ಕೊಡುವ ಈ ಹಣವನ್ನು, ತಿಂಗಳ ಲೆಕ್ಕ ಎಂಬ ಒಂದೇ ಕಾರಣಕ್ಕೆ, ಕೆಲವರು ಸ್ಟೈಪೆಂಡ್ ಎಂದುಕೊಳ್ಳುತ್ತಾರೆ. ಇಲ್ಲಿ ನೀವು ಯಾರ ಕೆಲಸವನ್ನೂ ಮಾಡಬೇಕಿಲ್ಲ. ವಿದ್ಯಾರ್ಥಿಯಾಗಿದ್ದು, ಸರ್ಕಾರಿ ಹಾಸ್ಟೆಲ್‌ನಲ್ಲಿ ಇರದಿದ್ದರೆ ಸಾಕು. ಆದ್ದರಿಂದ ಅದು ವಿದ್ಯಾರ್ಥಿವೇತನದ ಗುಂಪಿನದು. ವರ್ಷದ ಮಧ್ಯದಲ್ಲಿ ಹಾಸ್ಟೆಲ್ ಸೀಟು ಸಿಕ್ಕಿ ಸೇರಿಕೊಂಡವರು ಅದನ್ನು ತಿಳಿಸದೆ ಇದ್ದರೆ ಮುಂದೆ ವಸೂಲಿಯ ಪ್ರಶ್ನೆ ಏಳುತ್ತದೆ.

ಎರಡೂ ಅಲ್ಲದವು ಇನ್ನೂ ಕೆಲವಿವೆ. ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದ ಪರಿಶಿಷ್ಟ ವಿದ್ಯಾರ್ಥಿಗಳಿಗೆ ಸಿಗುವ ಪ್ರೋತ್ಸಾಹಧನ, ಅಂದರೆ ಆಡುಮಾತಿನ ‘ಪ್ರೈಜ್ ಮನಿ’, ಆಗಿಹೋದ ಸಾಧನೆಗೆ ಕೊಡುವ ಬಹುಮಾನ. 2024ರ ಜನವರಿ 12ರಂದು ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿಯಲ್ಲಿ ಪದವೀಧರರಿಗೆ ತಿಂಗಳಿಗೆ 3,000 ರೂ., ಡಿಪ್ಲೊಮಾ ಪಡೆದವರಿಗೆ 1,500 ರೂ. ಸಿಗುವುದು ನಿರುದ್ಯೋಗ ಭತ್ಯೆಯಾಗಿ. ಮುಂದೆ ಓದಲು ಸೇರಿದವರಿಗೂ ಅಪ್ರೆಂಟಿಸ್ ಶಿಷ್ಯವೇತನ ಪಡೆಯುತ್ತಿರುವವರಿಗೂ ಅದು ಸಲ್ಲುವುದಿಲ್ಲ. ಸ್ಟೈಪೆಂಡ್ ಶುರುವಾದ ತಿಂಗಳಿನಿಂದ ‘ಇನ್ನೂ ನಿರುದ್ಯೋಗಿ’ ಎಂಬ ಯುವನಿಧಿಯ ಸ್ವಯಂಘೋಷಣೆ ಕೊಡುವುದನ್ನು ನಿಲ್ಲಿಸಬೇಕು. ‘ಬರುವಷ್ಟು ದಿನ ಬರಲಿ’ ಎಂದು ಬಿಟ್ಟರೆ ಅದು ತಪ್ಪು ಘೋಷಣೆಯಾಗುತ್ತದೆ.

ಹಂತ 3: ಎರಡನ್ನೂ ಒಟ್ಟಿಗೆ ಪಡೆಯಬಹುದೇ ಎಂದು ಲಿಖಿತವಾಗಿ ಖಚಿತಪಡಿಸಿಕೊಳ್ಳಿ

ಅತಿ ಹೆಚ್ಚು ಜನ ಎಡವುವುದು ಇಲ್ಲಿ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗಿರುವ ಮೆಟ್ರಿಕ್ ನಂತರದ ಕೇಂದ್ರ ಯೋಜನೆಯ ನಿಯಮಗಳಲ್ಲಿ ಬಹುಕಾಲದಿಂದ ಒಂದು ಷರತ್ತಿದೆ: ಈ ವಿದ್ಯಾರ್ಥಿವೇತನ ಪಡೆಯುವವರು ಬೇರೆ ಯಾವ ವಿದ್ಯಾರ್ಥಿವೇತನವನ್ನೂ ಶಿಷ್ಯವೇತನವನ್ನೂ ಪಡೆಯುವಂತಿಲ್ಲ, ಇನ್ನೊಂದು ಮಂಜೂರಾದರೆ ಎರಡರಲ್ಲಿ ಲಾಭದಾಯಕವಾದದ್ದನ್ನು ಆಯ್ದುಕೊಂಡು ಸಂಸ್ಥೆಯ ಮುಖ್ಯಸ್ಥರ ಮೂಲಕ ತಿಳಿಸಬೇಕು. ಎರಡೂ ಪದಗಳನ್ನು ಅಕ್ಕಪಕ್ಕದಲ್ಲಿ ಹೆಸರಿಸಿರುವುದನ್ನು ಗಮನಿಸಿ. ‘ಇದು ಸ್ಟೈಪೆಂಡ್ ತಾನೆ, ಸ್ಕಾಲರ್‌ಶಿಪ್ ಅಲ್ಲವಲ್ಲ’ ಎಂಬ ವಾದಕ್ಕೆ ಅಲ್ಲಿ ಜಾಗವಿಲ್ಲ. ಅದೇ ಷರತ್ತಿನ ಮುಂದಿನ ಸಾಲು ಪುಸ್ತಕ, ಉಪಕರಣ, ಊಟ ವಸತಿಗೆಂದು ಬೇರೆಡೆಯಿಂದ ಸಿಗುವ ತಾತ್ಕಾಲಿಕ ನೆರವನ್ನು ಪಡೆಯಲು ಅವಕಾಶ ಕೊಡುತ್ತದೆ. ಊರಿನ ಸಂಘವೋ ಮಠವೋ ಒಮ್ಮೆ ಕೊಡುವ ಐದು ಸಾವಿರಕ್ಕೆ ಹೆದರಿ ಅದನ್ನು ಬಿಟ್ಟುಬಿಡುವ ಅಗತ್ಯವಿಲ್ಲ.

ಪ್ರಧಾನ ಮಂತ್ರಿ ಇಂಟರ್ನ್‌ಶಿಪ್ ಯೋಜನೆಯ ವಿಷಯದಲ್ಲಿ ತೊಡಕು ಇನ್ನೊಂದು ದಿಕ್ಕಿನಿಂದ ಬರುತ್ತದೆ. 2024ರ ಅಕ್ಟೋಬರ್‌ನಲ್ಲಿ ಪ್ರಾಯೋಗಿಕವಾಗಿ ಆರಂಭವಾದ ಈ ಯೋಜನೆಯ ನಿಯಮದಂತೆ 21ರಿಂದ 24 ವರ್ಷದವರಿಗೆ ತಿಂಗಳಿಗೆ 5,000 ರೂ. ಸಿಗುತ್ತದೆ; ಅದರಲ್ಲಿ 4,500 ರೂ. ಸರ್ಕಾರದ್ದು, 500 ರೂ. ಕಂಪನಿಯದ್ದು. ಆದರೆ ಪೂರ್ಣಾವಧಿ ಓದಿನಲ್ಲಿರುವವರು ಅರ್ಜಿ ಹಾಕುವಂತೆಯೇ ಇಲ್ಲ. ಅಂದರೆ ವಿದ್ಯಾರ್ಥಿವೇತನ ಪಡೆಯುತ್ತಿರುವ ಖಾಯಂ ವಿದ್ಯಾರ್ಥಿಗೆ ‘ಎರಡೂ ಸಿಗುತ್ತದೆಯೇ’ ಎಂಬ ಪ್ರಶ್ನೆಯೇ ಇಲ್ಲಿ ಹುಟ್ಟುವುದಿಲ್ಲ.

ನಿಜವಾಗಿ ಮಸುಕಾಗಿರುವುದು ಪಠ್ಯಕ್ರಮದೊಳಗೇ ಇಂಟರ್ನ್‌ಶಿಪ್ ಅಥವಾ ಅಪ್ರೆಂಟಿಸ್ ತರಬೇತಿ ಸೇರಿರುವ ಪದವಿಗಳಲ್ಲಿ. ಅಲ್ಲಿ ನೀವು ಏಕಕಾಲಕ್ಕೆ ವಿದ್ಯಾರ್ಥಿಯೂ ಹೌದು, ತರಬೇತಿ ಪಡೆಯುವವರೂ ಹೌದು. ಇಂಥ ಸಂದರ್ಭದಲ್ಲಿ ಬಾಯಿಮಾತಿನ ಉತ್ತರವನ್ನು ನಂಬಬೇಡಿ. ‘ನಾನು ಇಂಥ ವಿದ್ಯಾರ್ಥಿವೇತನ ಪಡೆಯುತ್ತಿದ್ದೇನೆ, ಆರನೇ ಸೆಮಿಸ್ಟರ್‌ನ ಭಾಗವಾಗಿ ಇಂಥ ಸಂಸ್ಥೆಯಲ್ಲಿ ಇಷ್ಟು ತಿಂಗಳು ತರಬೇತಿಗೆ ಹೋಗುತ್ತಿದ್ದು ತಿಂಗಳಿಗೆ ಇಷ್ಟು ಶಿಷ್ಯವೇತನ ಸಿಗಲಿದೆ, ಇದರಿಂದ ವಿದ್ಯಾರ್ಥಿವೇತನದ ಅರ್ಹತೆಗೆ ಬಾಧಕವಿದೆಯೇ’ ಎಂದು ಪ್ರಾಂಶುಪಾಲರ ಮೂಲಕ ಸಂಬಂಧಪಟ್ಟ ಇಲಾಖೆಯ ತಾಲ್ಲೂಕು ಅಥವಾ ಜಿಲ್ಲಾ ಕಚೇರಿಗೆ ಒಂದು ಅರ್ಜಿ ಕೊಟ್ಟು, ಸ್ವೀಕೃತಿ ಮುದ್ರೆಯಿರುವ ಪ್ರತಿಯನ್ನು ಇಟ್ಟುಕೊಳ್ಳಿ. ಉತ್ತರ ಬರುವುದು ತಡವಾದರೂ, ಮುಚ್ಚಿಟ್ಟಿಲ್ಲ ಎಂಬುದಕ್ಕೆ ಆ ಮುದ್ರೆಯೇ ಸಾಕ್ಷಿ.

ಹಂತ 4: ವಿದ್ಯಾರ್ಥಿವೇತನಕ್ಕೆ ಕಾಗದಪತ್ರ ಹೊಂದಿಸಿ

ಕರ್ನಾಟಕದಲ್ಲಿ ಹೆಚ್ಚಿನ ಸರ್ಕಾರಿ ವಿದ್ಯಾರ್ಥಿವೇತನಗಳಿಗೆ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್, ಅಂದರೆ ಎಸ್‌ಎಸ್‌ಪಿ ಮೂಲಕ ಅರ್ಜಿ ಹಾಕಬೇಕು. ಎನ್‌ಎಂಎಂಎಸ್, ಪದವಿ ವಿದ್ಯಾರ್ಥಿಗಳ ಕೇಂದ್ರೀಯ ವಲಯ ಯೋಜನೆ ಮುಂತಾದವಕ್ಕೆ ರಾಷ್ಟ್ರೀಯ ಪೋರ್ಟಲ್ ಎನ್‌ಎಸ್‌ಪಿ. ಎರಡರಲ್ಲೂ ಅರ್ಜಿಗೆ ಶುಲ್ಕವಿಲ್ಲ. ಸೈಬರ್ ಸೆಂಟರ್‌ನವರು ತಮ್ಮ ದುಡಿಮೆಗೆ ತೆಗೆದುಕೊಳ್ಳುವುದು ಬೇರೆ, ‘ಸ್ಕಾಲರ್‌ಶಿಪ್ ಫೀಸು’ ಎಂದು ಯಾರಾದರೂ ಕೇಳಿದರೆ ಅದು ಮೋಸ.

ಬೇಕಾದವು ಇಷ್ಟು: ಆಧಾರ್, ಎಸ್ಸೆಸ್ಸೆಲ್ಸಿ ನೋಂದಣಿ ಸಂಖ್ಯೆ, ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆ (ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ ಉದ್ದನೆಯ ಸಂಖ್ಯೆ), ಶಾಲಾ ಮಕ್ಕಳಾದರೆ ಶಿಕ್ಷಣ ಇಲಾಖೆಯ ದಾಖಲೆಯಲ್ಲಿರುವ ಎಸ್‌ಎಟಿಎಸ್ ಸಂಖ್ಯೆ, ವಿಶ್ವವಿದ್ಯಾಲಯದ ಪದವಿ ವಿದ್ಯಾರ್ಥಿಗಳಾದರೆ ವಿಶ್ವವಿದ್ಯಾಲಯಗಳ ಆನ್‌ಲೈನ್ ವ್ಯವಸ್ಥೆಯಾದ ಯುಯುಸಿಎಂಎಸ್‌ನಲ್ಲಿರುವ ನೋಂದಣಿ ವಿವರ, ಶುಲ್ಕದ ರಸೀದಿ, ಅಧ್ಯಯನ ಪ್ರಮಾಣಪತ್ರ, ಹಾಸ್ಟೆಲ್‌ನಲ್ಲಿದ್ದರೆ ಅದರ ವಿವರ. ಕೆಲವು ದಾಖಲೆಗಳಿಗೆ ಕಾಲೇಜಿನ ಅಧಿಕಾರಿಯಿಂದ ಇ-ದೃಢೀಕರಣ ಆಗಬೇಕು. ಕಾಗದವನ್ನು ಅವರು ಕಂಪ್ಯೂಟರಿನಲ್ಲೇ ಪರಿಶೀಲಿಸಿ ಒಂದು ಸಂಖ್ಯೆ ಕೊಡುತ್ತಾರೆ, ಆ ಸಂಖ್ಯೆಯನ್ನು ಅರ್ಜಿಯಲ್ಲಿ ತುಂಬಬೇಕು.

ಅರ್ಜಿಗಳು ತಿರಸ್ಕೃತವಾಗುವುದು ಸಾಮಾನ್ಯವಾಗಿ ಸಣ್ಣ ಕಾರಣಗಳಿಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಎಚ್’, ಆಧಾರ್‌ನಲ್ಲಿ ‘ಎಚ್ ಮಂಜುನಾಥ್’. ಆದಾಯ ಪ್ರಮಾಣಪತ್ರದ ಅವಧಿ ಕೊನೆಯ ದಿನಾಂಕಕ್ಕೆ ಮೊದಲೇ ಮುಗಿದಿರುವುದು. ಹಾಸ್ಟೆಲ್‌ನಲ್ಲಿದ್ದೂ ಮನೆಯಿಂದ ಓಡಾಡುವವರ ಕಾಲಂ ಗುರುತು ಮಾಡುವುದು. ಈ ಕೊನೆಯದು ಹಣದ ಮೇಲೆ ಎಷ್ಟು ಪರಿಣಾಮ ಬೀರುತ್ತದೆ ಎನ್ನುವುದಕ್ಕೆ, ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ಯೋಜನೆಯ 2021ರ ಮಾರ್ಗಸೂಚಿಯಲ್ಲಿ ವೃತ್ತಿಪರ ಪದವಿಗಳ ಮೊದಲ ಗುಂಪಿಗೆ ವಾರ್ಷಿಕ ಭತ್ಯೆ ಹಾಸ್ಟೆಲ್‌ನವರಿಗೆ 13,500 ರೂ., ಮನೆಯಿಂದ ಬರುವವರಿಗೆ 7,000 ರೂ. ಒಂದು ತಪ್ಪು ಗುರುತಿಗೆ 6,500 ರೂ. ವ್ಯತ್ಯಾಸ.

ಹೊಸ ಅರ್ಜಿ ಮತ್ತು ನವೀಕರಣ ಬೇರೆ ಬೇರೆ ಎಂಬುದನ್ನೂ ಮರೆಯಬೇಡಿ. ಕೇಂದ್ರೀಯ ವಲಯ ಯೋಜನೆಯಲ್ಲಿ ಪದವಿಯ ಮೊದಲ ಮೂರು ವರ್ಷ ವರ್ಷಕ್ಕೆ 12,000 ರೂ., ಸ್ನಾತಕೋತ್ತರದಲ್ಲಿ 20,000 ರೂ. ಸಿಗುತ್ತದೆ, ಒಮ್ಮೆ ಆಯ್ಕೆಯಾದರೆ ತಾನಾಗಿಯೇ ಮುಂದುವರಿಯುತ್ತದೆ ಎಂದುಕೊಂಡು ಎರಡನೇ ವರ್ಷ ನವೀಕರಣದ ಅರ್ಜಿಯನ್ನೇ ಹಾಕದೆ ಕಳೆದುಕೊಂಡವರು ಬಹಳ ಮಂದಿ.

ಹಂತ 5: ಖಾತೆಗೆ ಆಧಾರ್ ‘ಲಿಂಕ್’ ಆಗಿದ್ದರೆ ಸಾಲದು

ಬ್ಯಾಂಕಿನಲ್ಲಿ ಆಧಾರ್ ಪ್ರತಿ ಕೊಟ್ಟು ಕೆವೈಸಿ ಮಾಡಿಸುವುದು ಒಂದು, ಎನ್‌ಪಿಸಿಐ ಮ್ಯಾಪಿಂಗ್ ಇನ್ನೊಂದು. ಮ್ಯಾಪಿಂಗ್ ಎಂದರೆ ನಿಮ್ಮ ಆಧಾರ್ ಸಂಖ್ಯೆಗೆ ಬರುವ ಸರ್ಕಾರಿ ಹಣ ಯಾವ ಬ್ಯಾಂಕಿಗೆ ಹೋಗಬೇಕು ಎಂದು ರಾಷ್ಟ್ರೀಯ ಪಾವತಿ ನಿಗಮದ ಪಟ್ಟಿಯಲ್ಲಿ ದಾಖಲಾಗುವುದು. ಆ ಪಟ್ಟಿಯಲ್ಲಿ ಒಂದು ಆಧಾರ್‌ಗೆ ಒಂದೇ ಬ್ಯಾಂಕ್, ಅದೂ ಕಡೆಯದಾಗಿ ಜೋಡಿಸಿದ್ದು. ಹಾಗಾಗಿ ಅರ್ಜಿಯಲ್ಲಿ ನೀವು ಬರೆದ ಖಾತೆ ಸಂಖ್ಯೆ ಯಾವುದೇ ಇರಲಿ, ನೇರ ನಗದು ವರ್ಗಾವಣೆಯ ಹಣ ಹೋಗುವುದು ಪಟ್ಟಿಯಲ್ಲಿರುವ ಬ್ಯಾಂಕಿಗೆ.

ಇದರಿಂದ ಆಗುವ ಅವಾಂತರ ಹೀಗಿರುತ್ತದೆ. ವಿದ್ಯಾರ್ಥಿನಿಯೊಬ್ಬಳ ವಿದ್ಯಾರ್ಥಿವೇತನ ಊರಿನ ಬ್ಯಾಂಕಿಗೆ ಸರಿಯಾಗಿ ಬರುತ್ತಿರುತ್ತದೆ. ತರಬೇತಿಗೆಂದು ಬೆಂಗಳೂರಿಗೆ ಬಂದಾಗ ಕಂಪನಿ ಶಿಷ್ಯವೇತನಕ್ಕಾಗಿ ಹೊಸ ಖಾತೆ ತೆರೆಸುತ್ತದೆ. ಹೆಬ್ಬೆರಳು ಒತ್ತಿಸುವಾಗ ‘ಸರ್ಕಾರಿ ಸವಲತ್ತು ಈ ಖಾತೆಗೆ ಬರಲಿ’ ಎಂಬ ಚೌಕಕ್ಕೂ ಗುರುತು ಬಿದ್ದಿರುತ್ತದೆ. ಹಿಂದಿನ ವರ್ಷದ ವಿದ್ಯಾರ್ಥಿವೇತನದ ಬಾಕಿ ಕಂತು ಹೊಸ ಖಾತೆಗೆ ಬಂದು ಬೀಳುತ್ತದೆ; ಊರಿನಲ್ಲಿ ಅಪ್ಪ ಪಾಸ್‌ಬುಕ್ ಹಿಡಿದು ಮೂರು ಸಲ ಬ್ಯಾಂಕಿಗೆ ಅಲೆದಿರುತ್ತಾರೆ. ಹೊಸ ಖಾತೆ ತೆರೆಯುವಾಗಲೆಲ್ಲ ಆ ಚೌಕವನ್ನು ನೋಡಿಕೊಳ್ಳಿ. ಈಗ ಯಾವ ಬ್ಯಾಂಕ್ ಜೋಡಣೆಯಾಗಿದೆ ಎಂಬುದನ್ನು ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಲಾಗಿನ್ ಆಗಿ ನೋಡಬಹುದು; ರಾಜ್ಯದ ಹಣ ಯಾವ ದಿನ ಯಾವ ಖಾತೆಗೆ ಹೋಯಿತೆಂದು ‘ಡಿಬಿಟಿ ಕರ್ನಾಟಕ’ ಆ್ಯಪ್ ತೋರಿಸುತ್ತದೆ.

ಹಂತ 6: ಶಿಷ್ಯವೇತನಕ್ಕೆ ಮುನ್ನ ಕರಾರು ಓದಿ

ವಿದ್ಯಾರ್ಥಿವೇತನದಲ್ಲಿ ನೀವು ಅರ್ಜಿದಾರರು, ಶಿಷ್ಯವೇತನದಲ್ಲಿ ನೀವು ಕರಾರಿನ ಒಂದು ಪಕ್ಷ. 1961ರ ಅಪ್ರೆಂಟಿಸ್ ಕಾಯ್ದೆಯಡಿ ತರಬೇತಿಗೆ ಸೇರುವವರಿಗೆ ನೋಂದಾಯಿತ ಕರಾರು ಇರಲೇಬೇಕು. ಅದೇ ಕಾಯ್ದೆಯ 18ನೇ ಕಲಂ ಅಪ್ರೆಂಟಿಸ್ ತರಬೇತಿ ಪಡೆಯುವವನೇ ಹೊರತು ಕಾರ್ಮಿಕನಲ್ಲ ಎನ್ನುತ್ತದೆ. ಆದ್ದರಿಂದಲೇ ಈ ಹಣ ಸಂಬಳವಲ್ಲ, ಸಾಮಾನ್ಯ ಕಾರ್ಮಿಕ ಕಾನೂನುಗಳೂ ನೇರವಾಗಿ ಅನ್ವಯವಾಗುವುದಿಲ್ಲ. ಆದರೂ ಕನಿಷ್ಠ ದರ ಇದೆ. 2019ರ ತಿದ್ದುಪಡಿಯಲ್ಲಿ ನಿಗದಿಯಾದಂತೆ ಶಾಲಾ ಮಟ್ಟದವರಿಗೆ ತಿಂಗಳಿಗೆ 5,000 ರೂ.ನಿಂದ ಶುರುವಾಗಿ ಡಿಪ್ಲೊಮಾದವರಿಗೆ 8,000 ರೂ., ಪದವೀಧರರಿಗೆ 9,000 ರೂ. ಈ ದರಗಳು ಪರಿಷ್ಕರಣೆಯಾಗುತ್ತಿರುವುದರಿಂದ ಸಹಿ ಹಾಕುವ ದಿನ ಜಾರಿಯಲ್ಲಿರುವ ಅಧಿಸೂಚನೆಯನ್ನೇ ಆಧಾರವಾಗಿಟ್ಟುಕೊಳ್ಳಿ.

ಸಹಿಗೆ ಮುನ್ನ ನೋಡಬೇಕಾದವು: ತರಬೇತಿಯ ಆರಂಭ ಮತ್ತು ಅಂತ್ಯದ ದಿನಾಂಕ, ತಿಂಗಳ ಮೊತ್ತ, ರಜೆಯ ಲೆಕ್ಕ, ಮಧ್ಯದಲ್ಲಿ ಬಿಟ್ಟರೆ ತರಬೇತಿ ವೆಚ್ಚ ಹಿಂದಿರುಗಿಸಬೇಕೇ ಎಂಬುದು, ಮೂಲ ಅಂಕಪಟ್ಟಿ ಒತ್ತೆ ಕೇಳುತ್ತಾರೆಯೇ ಎಂಬುದು. ಪರಿಶೀಲನೆಗೆ ತೋರಿಸಿ, ಮೂಲವನ್ನು ಕೊಟ್ಟು ಬರಬೇಡಿ. ಕರಾರೂ ಇಲ್ಲದೆ, ನೋಂದಣಿಯೂ ಇಲ್ಲದೆ ‘ಇಂಟರ್ನ್’ ಎಂದು ಕರೆಯುವ ಖಾಸಗಿ ಸಂಸ್ಥೆಗಳು ಈ ಕಾಯ್ದೆಯ ಹೊರಗಿರುತ್ತವೆ. ಅಲ್ಲಿ ನಿಮಗಿರುವ ಆಸರೆ ಅವರು ಕಳಿಸಿದ ಇಮೇಲ್ ಒಂದೇ, ಆದ್ದರಿಂದ ಮೊತ್ತವನ್ನು ಬರಹದಲ್ಲಿ ಪಡೆಯಿರಿ. ಮೊದಲು ನೀವು ಹತ್ತು ಸಾವಿರ ಕಟ್ಟಿ, ಆಮೇಲೆ ತಿಂಗಳಿಗೆ ಮೂರು ಸಾವಿರ ಸ್ಟೈಪೆಂಡ್ ಕೊಡುತ್ತೇವೆ ಎನ್ನುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಅದು ನಿಮ್ಮದೇ ಹಣ ನಿಮಗೆ ಕಂತಿನಲ್ಲಿ ಬರುವುದು.

ಹಂತ 7: ಹಣ ಎರಡು ಭಾಗವಾಗಿ ಬಂದರೆ ಗಾಬರಿಯಾಗಬೇಡಿ

ಆರಂಭದಲ್ಲಿ ಹೇಳಿದ ‘ಎಂಟು ಸಾವಿರಕ್ಕೆ ನಾಲ್ಕೇ ಬಂತು’ ಎಂಬ ದೂರಿಗೆ ಉತ್ತರ ಇಲ್ಲಿದೆ. ನ್ಯಾಟ್ಸ್, ಅಂದರೆ ರಾಷ್ಟ್ರೀಯ ಅಪ್ರೆಂಟಿಸ್ ತರಬೇತಿ ಯೋಜನೆಯಲ್ಲಿ ಡಿಪ್ಲೊಮಾ ಮತ್ತು ಪದವೀಧರ ಅಪ್ರೆಂಟಿಸ್‌ಗಳ ಕನಿಷ್ಠ ಶಿಷ್ಯವೇತನದ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುತ್ತದೆ. 2024ರಲ್ಲಿ ಹೊಸ ಪೋರ್ಟಲ್ ಬಂದ ಮೇಲೆ ಆ ಪಾಲು ನೇರ ನಗದು ವರ್ಗಾವಣೆಯಾಗಿ ತರಬೇತಿ ಪಡೆಯುವವರ ಖಾತೆಗೆ ಬರುತ್ತದೆ. ಲೆಕ್ಕ ಹೀಗೆ: 8,000 ರೂ. ದರದಲ್ಲಿ ಕಂಪನಿ ಹಾಕುವುದು 4,000 ರೂ., ಸರ್ಕಾರ ಹಾಕುವುದು 4,000 ರೂ.; ಎರಡೂ ಒಂದೇ ದಿನ ಬರುವುದಿಲ್ಲ, ಎಷ್ಟೋ ವೇಳೆ ಒಂದೇ ಖಾತೆಗೂ ಬರುವುದಿಲ್ಲ, ಏಕೆಂದರೆ ಕಂಪನಿಯ ಪಾಲು ನೀವು ಕೊಟ್ಟ ಖಾತೆಗೂ ಸರ್ಕಾರದ ಪಾಲು ಆಧಾರ್ ಜೋಡಣೆಯಾದ ಖಾತೆಗೂ ಹೋಗುತ್ತದೆ. ಕಂಪನಿಯು ನಿಮ್ಮ ಹಾಜರಾತಿಯನ್ನು ಪೋರ್ಟಲ್‌ನಲ್ಲಿ ತುಂಬುವುದು ತಡವಾದರೆ ಸರ್ಕಾರದ ಪಾಲೂ ತಡವಾಗುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ ‘ನನ್ನ ಹಣ ಎಲ್ಲಿ’ ಎಂಬುದಲ್ಲ, ‘ಕಳೆದ ತಿಂಗಳ ಹಾಜರಾತಿ ಪೋರ್ಟಲ್‌ಗೆ ಏರಿದೆಯೇ’ ಎಂಬುದು.

ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲೂ ಇಂಥದೇ ವಿಭಜನೆ ಇದೆ. ಕೇಂದ್ರ ಮತ್ತು ರಾಜ್ಯದ ಪಾಲು ಶೇ. 60 ಮತ್ತು ಶೇ. 40, ರಾಜ್ಯ ತನ್ನ ಪಾಲು ಬಿಡುಗಡೆ ಮಾಡಿದ ನಂತರವೇ ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುತ್ತದೆ. ಹೀಗೆ ಬಂದದ್ದರಲ್ಲಿ ಕಾಲೇಜಿಗೆ ಸಲ್ಲಬೇಕಾದ ಶುಲ್ಕದ ಭಾಗವೂ ಇರಬಹುದು. ಪೂರ್ತಿ ಖರ್ಚು ಮಾಡಿಕೊಂಡು ಆಮೇಲೆ ಪರೀಕ್ಷೆಯ ಪ್ರವೇಶಪತ್ರಕ್ಕಾಗಿ ಕಾಲೇಜಿನ ಕಚೇರಿಯಲ್ಲಿ ನಿಲ್ಲುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಹಂತ 8: ತೆರಿಗೆಯ ಲೆಕ್ಕ

1961ರ ಆದಾಯ ತೆರಿಗೆ ಕಾಯ್ದೆಯ 10(16)ನೇ ಕಲಂ ಪ್ರಕಾರ ಶಿಕ್ಷಣದ ವೆಚ್ಚ ಭರಿಸಲು ಕೊಟ್ಟ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ. ಮೊತ್ತದ ಮಿತಿಯನ್ನೂ ಅಲ್ಲಿ ಹೇಳಿಲ್ಲ. 2025ರ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಅನ್ವಯವಾಗುವುದರಿಂದ ಅಲ್ಲಿಂದ ಮುಂದಿನ ವರ್ಷಗಳಿಗೆ ಕಲಂ ಸಂಖ್ಯೆ ಬೇರೆ. ಶಿಷ್ಯವೇತನಕ್ಕೆ ಈ ವಿನಾಯಿತಿ ತಾನಾಗಿಯೇ ಸಿಗುವುದಿಲ್ಲ. ಇಲ್ಲೂ ನೋಡುವುದು ಹೆಸರನ್ನಲ್ಲ, ಬಗೆಯನ್ನು: ಪದವಿಗಾಗಿ ನಡೆಯುವ ಓದು, ಸಂಶೋಧನೆಗೆ ಸಂಬಂಧಿಸಿದ ಹಣವಾದರೆ ವಿನಾಯಿತಿ ಕೇಳಲು ಬಲವಾದ ಆಧಾರವಿದೆ, ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಯ ಶಿಷ್ಯವೇತನವನ್ನೂ ಈ ಕಲಂನಡಿ ತಂದ ಮೇಲ್ಮನವಿ ನ್ಯಾಯಮಂಡಳಿಯ ತೀರ್ಪು ಇದೆ, ಓದು ಮುಗಿಸಿ ಕಂಪನಿಯಲ್ಲಿ ಇಂಟರ್ನ್ ಆಗಿ ಕೆಲಸ ಮಾಡಿದ್ದಕ್ಕೆ ಬಂದ ಹಣವಾದರೆ ಅದು ತೆರಿಗೆಗೆ ಒಳಪಡುವ ಆದಾಯ.

ಹಾಗೆಂದು ತಿಂಗಳಿಗೆ ಒಂಬತ್ತು ಸಾವಿರ ಪಡೆಯುವವರು ನಿದ್ದೆಗೆಡಬೇಕಿಲ್ಲ, ಬೇರೆ ಆದಾಯ ಇಲ್ಲದಿದ್ದರೆ ಅದು ತೆರಿಗೆಯ ಮಿತಿಯನ್ನೇ ಮುಟ್ಟುವುದಿಲ್ಲ. ತೊಂದರೆಯಾಗುವುದು ಬೇರೆ ಕಡೆ: ಕೆಲವು ಕಂಪನಿಗಳು ಇಂಟರ್ನ್‌ಗಳ ಹಣವನ್ನು ವೃತ್ತಿಪರ ಸೇವೆಯ ಶುಲ್ಕವೆಂದು ತೋರಿಸಿ ಶೇ. 10ರಷ್ಟು ಮೂಲದಲ್ಲೇ ಕಡಿತ ಮಾಡುತ್ತವೆ, ಪ್ಯಾನ್ ಕೊಡದಿದ್ದರೆ ಶೇ. 20. ತಿಂಗಳಿಗೆ 20,000 ರೂ. ಎಂದಿದ್ದವರ ಕೈಗೆ 18,000 ರೂ. ಬರುತ್ತದೆ. ಆ ಹಣ ಹೋಗಿಬಿಟ್ಟಿತು ಎಂದುಕೊಳ್ಳಬೇಡಿ. ತೆರಿಗೆ ಇಲಾಖೆಯ ಜಾಲತಾಣದಲ್ಲಿ ನಿಮ್ಮ ಪ್ಯಾನ್‌ಗೆ ಜಮೆಯಾಗಿದೆಯೇ ನೋಡಿ, ಆರ್ಥಿಕ ವರ್ಷ ಮುಗಿದ ಮೇಲೆ ರಿಟರ್ನ್ ಸಲ್ಲಿಸಿ ವಾಪಸು ಪಡೆಯಿರಿ.

ಶಿಕ್ಷಣ ಸಾಲ ಪಡೆಯುವವರಿಗೆ ಒಂದು ಮಾತು. ಸಾಲದಲ್ಲಿ ನೀವು ಕೈಯಿಂದ ಹಾಕಬೇಕಾದ ಭಾಗಕ್ಕೆ ಬ್ಯಾಂಕಿನವರು ಮಾರ್ಜಿನ್ ಎನ್ನುತ್ತಾರೆ. ವಿದ್ಯಾರ್ಥಿವೇತನವನ್ನು ಆ ಮಾರ್ಜಿನ್‌ನಲ್ಲಿ ಸೇರಿಸಿ ಲೆಕ್ಕ ಹಾಕಲು ಬ್ಯಾಂಕುಗಳ ಮಾದರಿ ಯೋಜನೆಯಲ್ಲೇ ಅವಕಾಶವಿದೆ; ಮಂಜೂರಾತಿ ಪತ್ರವನ್ನು ಸಾಲದ ಅರ್ಜಿಯ ಜೊತೆಗೇ ಇಡಿ.

ಹಂತ 9: ಅಮೆರಿಕದ ವಿಶ್ವವಿದ್ಯಾಲಯದ ಪತ್ರ ಬಂದಿದ್ದರೆ

ಅಲ್ಲಿನ ಪತ್ರದಲ್ಲಿ ಎರಡೂ ಒಟ್ಟಿಗೆ ಇರುತ್ತವೆ: ಬೋಧನಾ ಶುಲ್ಕದ ಮನ್ನಾ ಒಂದು, ಬೋಧನೆ ಅಥವಾ ಸಂಶೋಧನೆಯ ಸಹಾಯಕರಾಗಿ ದುಡಿಯುವುದಕ್ಕೆ ಸ್ಟೈಪೆಂಡ್ ಇನ್ನೊಂದು. ಅಲ್ಲಿನ ತೆರಿಗೆ ನಿಯಮದಲ್ಲಿ ಪದವಿ ವಿದ್ಯಾರ್ಥಿಯ ಬೋಧನಾ ಶುಲ್ಕ ಮತ್ತು ಕಡ್ಡಾಯ ಪುಸ್ತಕಗಳಿಗೆ ಸಂದ ವಿದ್ಯಾರ್ಥಿವೇತನಕ್ಕೆ ತೆರಿಗೆ ಇಲ್ಲ, ಊಟ ಬಾಡಿಗೆಗೆಂದು ಕೈಗೆ ಬಂದ ಭಾಗಕ್ಕೆ ಇದೆ. ಬಹಳ ಜನ ಗಮನಿಸದ ಇನ್ನೊಂದು ಸಾಲು ಅವಧಿಯದು. ‘ಒಂಬತ್ತು ತಿಂಗಳಿಗೆ’ ಎಂದು ಬರೆದಿದ್ದರೆ ಬೇಸಿಗೆಯ ಮೂರು ತಿಂಗಳು ಆ ಹಣ ಇರುವುದಿಲ್ಲ. ಆಗಲೂ ಮನೆ ಬಾಡಿಗೆ ಕಟ್ಟಬೇಕಾಗಿರುವುದರಿಂದ ವಾರ್ಷಿಕ ಮೊತ್ತವನ್ನು ಹನ್ನೆರಡರಿಂದ ಭಾಗಿಸಿಯೇ ಬಜೆಟ್ ಹಾಕಿಕೊಳ್ಳಿ, ಬೇಸಿಗೆಗೆ ಏನು ವ್ಯವಸ್ಥೆ ಎಂದು ವಿಭಾಗಕ್ಕೆ ಇಮೇಲ್ ಬರೆದು ಉತ್ತರ ಬಂದ ಮೇಲೆ ಒಪ್ಪಿಗೆ ಕೊಡಿ.

ಹಂತ 10: ಹಣ ಬಾರದಿದ್ದರೆ ಯಾರನ್ನು ಕೇಳಬೇಕು

ವಿದ್ಯಾರ್ಥಿವೇತನವಾದರೆ ಮೊದಲು ಪೋರ್ಟಲ್‌ನಲ್ಲಿ ಅರ್ಜಿ ಯಾವ ಹಂತದಲ್ಲಿದೆ ನೋಡಿ. ಕಾಲೇಜಿನ ಪರಿಶೀಲನೆಯಲ್ಲಿ ನಿಂತಿದ್ದರೆ ಕಾಲೇಜು, ಇಲಾಖೆಯ ಹಂತದಲ್ಲಿದ್ದರೆ ನಿಮ್ಮ ವರ್ಗಕ್ಕೆ ಸಂಬಂಧಿಸಿದ ಇಲಾಖೆಯ ತಾಲ್ಲೂಕು ಕಚೇರಿ, ಪಾವತಿ ವಿಫಲ ಎಂದಿದ್ದರೆ ಬ್ಯಾಂಕು. ಶಿಷ್ಯವೇತನವಾದರೆ ಸಂಸ್ಥೆಯ ಮಾನವ ಸಂಪನ್ಮೂಲ ವಿಭಾಗಕ್ಕೆ ಲಿಖಿತವಾಗಿ ಕೇಳಿ. ಅಪ್ರೆಂಟಿಸ್ ಕರಾರಾದರೆ ನಂತರದ ಮೆಟ್ಟಿಲು ಅಪ್ರೆಂಟಿಸ್ ಸಲಹೆಗಾರರ ಕಚೇರಿ ಮತ್ತು ಪೋರ್ಟಲ್‌ನ ದೂರು ವಿಭಾಗ. ಎಲ್ಲ ಕಡೆಯೂ ಅವರು ಕೇಳುವುದು ಮೂರೇ ಸಂಖ್ಯೆ: ಅರ್ಜಿಯ ಅಥವಾ ಕರಾರಿನ ಸಂಖ್ಯೆ, ಆಧಾರ್‌ನ ಕೊನೆಯ ನಾಲ್ಕು ಅಂಕಿ, ಕಡೆಯದಾಗಿ ಹಣ ಬಂದ ದಿನಾಂಕ. ಒಟಿಪಿಯನ್ನು ಯಾವ ಕಚೇರಿಯೂ ಫೋನ್ ಮಾಡಿ ಕೇಳುವುದಿಲ್ಲ.